ಪ್ಲಾಸ್ಮಾ ನೈಟ್ರೈಡಿಂಗೋ, ಚಿನ್ನದ ಬಣ್ಣವೋ, ಕಪ್ಪು ಲೇಪನವೋ? ಡೈ-ಪಂಚ್ ಮಾಡಿಸುವವರಿಗೆ ಆಯ್ಕೆಯ ಲೆಕ್ಕ

ಕಳೆದ ತಿಂಗಳು ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದಿಂದ ಪ್ರೆಸ್ ಕೆಲಸ, ಅಂದರೆ ಲೋಹದ ಶೀಟನ್ನು ಡೈ (ಕೆಳಗಿನ ಅಚ್ಚು) ಮತ್ತು ಪಂಚ್ (ಮೇಲಿನಿಂದ ಒತ್ತುವ ಭಾಗ) ನಡುವೆ ಒತ್ತಿ ಪೀಸ್ ತೆಗೆಯುವ ಕೆಲಸ, ಮಾಡುವವರೊಬ್ಬರು ಮೈಸೂರಿನ ಹೆಬ್ಬಾಳದಲ್ಲಿರುವ ನಮ್ಮ ಟೂಲ್ ರೂಮಿಗೆ ಬಂದಿದ್ದರು. ಕೈಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಯ ಮುಚ್ಚಳ. ಅದರ ಪಕ್ಕದುದ್ದಕ್ಕೂ ಉಗುರಿನಿಂದ ಕೆರೆದಂತೆ ಗೀರುಗಳು. ಜೊತೆಗೆ ಮೂರು ಕೊಟೇಶನ್. ಒಂದು ಪ್ಲಾಸ್ಮಾ ನೈಟ್ರೈಡಿಂಗ್‌ಗೆ (ಉಕ್ಕಿನ ಮೈಯೊಳಕ್ಕೆ ಸಾರಜನಕ ಇಳಿಸುವ ಕೆಲಸ), ಇನ್ನೊಂದು ಚಿನ್ನದ ಬಣ್ಣದ ಟೈಟಾನಿಯಂ ನೈಟ್ರೈಡ್ ಲೇಪನಕ್ಕೆ, ಮೂರನೆಯದು ಡಿಎಲ್‌ಸಿ ಎಂಬ ಕಪ್ಪು ಲೇಪನಕ್ಕೆ. "ಅಣ್ಣಾ, ಮೂರರಲ್ಲಿ ಯಾವುದು ಒಳ್ಳೆಯದು ಹೇಳಿಬಿಡಿ, ಇವತ್ತೇ ಆರ್ಡರ್ ಕೊಡುತ್ತೇನೆ" ಎಂದರು. "ಡೈ ಯಾವ ಉಕ್ಕಿನದು, ಎಷ್ಟು ಡಿಗ್ರಿಯಲ್ಲಿ ಟೆಂಪರಿಂಗ್ ಆಗಿದೆ?" ಎಂದು ಕೇಳಿದೆ. ಉಕ್ಕಿನ ಹೆಸರು ಹೇಳಿದರು. ಟೆಂಪರಿಂಗ್ ವಿಷಯ, ಅಂದರೆ ಗಡಸು ಮಾಡಿದ ಉಕ್ಕನ್ನು ಮತ್ತೆ ಎಷ್ಟು ಕಾಯಿಸಿ ಪೆಡಸುತನ ಇಳಿಸಿದ್ದಾರೆ ಎಂಬುದು, ಹೀಟ್ ಟ್ರೀಟ್‌ಮೆಂಟ್ ಮಾಡಿದವರಿಗೇ ಗೊತ್ತು ಎಂದರು.

ಮೇಟಗಳ್ಳಿ, ಹೂಟಗಳ್ಳಿ, ನಂಜನಗೂಡು, ಮದ್ದೂರು ಕಡೆಯ ಸಣ್ಣ ಘಟಕದವರು ಎಷ್ಟೋ ಜನ ಇದೇ ಗೊಂದಲ ಹೊತ್ತು ಬರುತ್ತಾರೆ. ಲೇಪನ ಮಾಡುವವರು ತಮ್ಮ ಬಳಿ ಇರುವ ಯಂತ್ರದಲ್ಲಿ ಆಗುವುದನ್ನೇ ಹೊಗಳುವುದು ಸಹಜ. ಆರಿಸಬೇಕಾದವರು ಡೈ ಒಡೆಯರು. ಡೈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಲೇಪನವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಆರಿಸಬೇಕು. ಅದಕ್ಕೂ ಮೊದಲು ಟೂಲ್ ಹೇಗೆ ಸೋಲುತ್ತಿದೆ, ಅದರ ಉಕ್ಕು ಎಷ್ಟು ಬಿಸಿ ತಡೆಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಸಿಕ್ಕರೆ ಅರ್ಧಕ್ಕರ್ಧ ಆಯ್ಕೆಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಟೂಲ್ ಹೇಗೆ ಸೋಲುತ್ತಿದೆ?

ಆಯುಧಪೂಜೆಗೆ ಮುನ್ನ ನಾವು ಎಲ್ಲ ಡೈಗಳನ್ನೂ ರ‍್ಯಾಕಿನಿಂದ ಇಳಿಸಿ ಒರೆಸುತ್ತೇವೆ. ಆ ದಿನ ವರ್ಷವಿಡೀ ಬದಲಾಯಿಸಿದ ಹಳೆಯ ಪಂಚ್‌ಗಳನ್ನು ಒಂದು ತಟ್ಟೆಯಲ್ಲಿ ಸಾಲಾಗಿ ಇಟ್ಟು ಭೂತಗನ್ನಡಿಯಲ್ಲಿ ನೋಡುವುದು ನಮ್ಮ ರೂಢಿ. ನೀವೂ ಹಾಗೆ ಮಾಡಿ ನೋಡಿ. ಸೋಲು ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಕಾಣುತ್ತದೆ.

ಅಂಚು ನುಣ್ಣಗೆ ಉರುಟಾಗಿ ಸವೆದಿದ್ದರೆ, ಪೀಸಿನಲ್ಲಿ ಬರ್ (ಕತ್ತರಿಸಿದ ಅಂಚಿನಲ್ಲಿ ಏಳುವ ಮುಳ್ಳು) ದಿನದಿನಕ್ಕೆ ಏರುತ್ತಿದ್ದರೆ ಅದು ಉಜ್ಜಿ ಸವೆದ ಸವೆತ. ಇಲ್ಲಿ ಗಡಸುತನವೇ ಮದ್ದು. ಪಂಚ್ ಮೈಗೆ ಶೀಟಿನ ಲೋಹ ಬೆಳ್ಳಗೆ ಅಂಟಿಕೊಂಡು, ಅದೇ ಮುಂದಿನ ಪೀಸನ್ನು ಗೀರುತ್ತಿದ್ದರೆ ಅದು ಅಂಟಿನ ಸೋಲು. ಇಲ್ಲಿ ಗಡಸುತನಕ್ಕಿಂತ ಲೋಹ ಅಂಟದ ಗುಣ ಮುಖ್ಯ. ಅಂಚು ಮೆತ್ತಗಾಗಿದ್ದರೆ, ಮೈಮೇಲೆ ಬಲೆಯಂತೆ ಸಣ್ಣ ಬಿರುಕು ಹರಡಿದ್ದರೆ ಅದು ಬಿಸಿಯ ಹೊಡೆತ. ಅಲ್ಯೂಮಿನಿಯಂ ಡೈಕಾಸ್ಟಿಂಗ್ (ಕರಗಿದ ಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಿ ಎರಕ ಹೊಯ್ಯುವುದು) ಮಾಡುವವರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ.

ನಾಲ್ಕನೆಯದು ಚಕ್ಕೆ ಹಾರುವುದು, ಮುರಿಯುವುದು. ಇದಕ್ಕೆ ಯಾವ ಲೇಪನವೂ ಪರಿಹಾರವಲ್ಲ. ಕ್ಲಿಯರೆನ್ಸ್, ಅಂದರೆ ಪಂಚ್-ಡೈ ನಡುವಿನ ಸಂದು, ಕಡಿಮೆಯಾಗಿರಬಹುದು, ಪಂಚ್ ಮತ್ತು ಡೈ ನೇರ ಕೂತಿರಲಿಕ್ಕಿಲ್ಲ, ಪ್ರೆಸ್ಸಿನ ರ‍್ಯಾಮ್ ಸಡಿಲವಾಗಿರಬಹುದು, ಉಕ್ಕಿನ ಜಿಗುಟುತನ ಸಾಲದಿರಬಹುದು. ಚಕ್ಕೆ ಹಾರುವ ಪಂಚ್‌ಗೆ ದುಬಾರಿ ಲೇಪನ ಮಾಡಿಸಿದವರು ಲೇಪನದ ಸಮೇತ ಚಕ್ಕೆಯನ್ನು ಹೆಕ್ಕಬೇಕಾಗುತ್ತದೆ. ಮೊದಲು ಪ್ರೆಸ್ ಸರಿಮಾಡಿಸಿ, ಆಮೇಲೆ ಕೊಟೇಶನ್ ತರಿಸಿ.

ಉಕ್ಕಿನ ಹದ

ಎರಡನೆಯ ಪ್ರಶ್ನೆಯಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಇಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ.

ಹಾರ್ಡನಿಂಗ್ ಆದ ಉಕ್ಕನ್ನು ಎಷ್ಟು ಡಿಗ್ರಿಯಲ್ಲಿ ಟೆಂಪರಿಂಗ್ ಮಾಡಿ ಹದಕ್ಕೆ ತಂದಿರುತ್ತೇವೋ, ಅದಕ್ಕಿಂತ ಮೇಲೆ ಮತ್ತೆ ಬಿಸಿ ಮಾಡಿದರೆ ಆ ಹದ ಕೆಡುತ್ತದೆ. ಪ್ಲಾಸ್ಮಾ ನೈಟ್ರೈಡಿಂಗ್ ಸಾಮಾನ್ಯವಾಗಿ 450ರಿಂದ 550 ಡಿಗ್ರಿಯಲ್ಲಿ ನಡೆಯುತ್ತದೆ. ನಿರ್ವಾತದಲ್ಲಿ ಮಾಡುವ ಟೈಟಾನಿಯಂ ನೈಟ್ರೈಡ್ ಬಗೆಯ ಲೇಪನಗಳಿಗೆ ಬಹುಮಟ್ಟಿಗೆ 400ರಿಂದ 500 ಡಿಗ್ರಿ ಬೇಕು. ಡಿಎಲ್‌ಸಿಗೆ 150ರಿಂದ 250 ಡಿಗ್ರಿ ಸಾಕು. ಈ ಅಂಕಿಗಳನ್ನು ನಿಮ್ಮ ಉಕ್ಕಿನ ಪಕ್ಕದಲ್ಲಿಟ್ಟು ನೋಡಿ.

ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವ ಓಎಚ್‌ಎನ್‌ಎಸ್ ಉಕ್ಕನ್ನು ಟೆಂಪರಿಂಗ್ ಮಾಡುವುದೇ 150ರಿಂದ 250 ಡಿಗ್ರಿಯೊಳಗೆ. ಅದನ್ನು ನೈಟ್ರೈಡಿಂಗ್‌ಗೆ ಕಳುಹಿಸುವುದೂ ಒಂದೇ, ಹದ ತೆಗೆದುಹಾಕಿ ಎಂದು ಹೇಳಿ ಕಳುಹಿಸುವುದೂ ಒಂದೇ. ಎಂ2 ಹೈಸ್ಪೀಡ್ ಉಕ್ಕು 540-560 ಡಿಗ್ರಿಯಲ್ಲಿ ಹಲವು ಸಲ ಟೆಂಪರಿಂಗ್ ಆಗಿರುವುದರಿಂದ ನಿರ್ವಾತ ಲೇಪನಕ್ಕೆ ಹುಟ್ಟಿನಿಂದಲೇ ಹೊಂದುತ್ತದೆ. ಎಚ್13 ಬಿಸಿಗೆಲಸದ ಉಕ್ಕೂ 540ಕ್ಕಿಂತ ಮೇಲೆ ಹದವಾಗಿರುವುದರಿಂದ ಅದಕ್ಕೂ ಭಯವಿಲ್ಲ.

ತೊಡಕು ಇರುವುದು ಡಿ2ನಲ್ಲಿ, ನಮ್ಮ ಕಡೆ ಎಚ್‌ಸಿಎಚ್‌ಸಿಆರ್ (ಇಂಗಾಲ, ಕ್ರೋಮಿಯಂ ಎರಡೂ ಹೆಚ್ಚಿರುವುದು) ಎಂದು ಕೇಳಿ ತರುವ ಉಕ್ಕಿನಲ್ಲಿ. ಇದನ್ನು ಎರಡು ರೀತಿಯಲ್ಲಿ ಹದ ಮಾಡಬಹುದು. ಸುಮಾರು 200 ಡಿಗ್ರಿಯಲ್ಲಿ ಟೆಂಪರಿಂಗ್ ಮಾಡಿದರೆ ಗಡಸುತನ ತೋರಿಸುವ ರಾಕ್‌ವೆಲ್ ಸಿ ಅಳತೆಯಲ್ಲಿ 60-62 ಸಿಗುತ್ತದೆ. ಹಾರ್ಡನಿಂಗ್ ತಾಪವನ್ನು ಸ್ವಲ್ಪ ಏರಿಸಿ, 500-520 ಡಿಗ್ರಿಯಲ್ಲಿ ಎರಡು ಮೂರು ಸಲ ಟೆಂಪರಿಂಗ್ ಮಾಡಿದರೆ 58-60 ಸಿಗುತ್ತದೆ. ಎರಡಂಕಿ ಹೆಚ್ಚು ಸಿಗುತ್ತದಲ್ಲ ಎಂದು ಎಲ್ಲರೂ ಮೊದಲನೆಯದನ್ನೇ ಮಾಡಿಸುತ್ತಾರೆ. ನಾನೂ ಹಾಗೆಯೇ ಮಾಡಿಸುತ್ತಿದ್ದೆ. ಬಹಳ ವರ್ಷಗಳ ಹಿಂದೆ 200 ಡಿಗ್ರಿಯಲ್ಲಿ ಹದವಾಗಿದ್ದ ಒಂದು ಡಿ2 ಇನ್ಸರ್ಟನ್ನು (ಡೈಯೊಳಗೆ ಬೇರೆಯಾಗಿ ಕೂರಿಸುವ ತುಂಡು) ಚಿನ್ನದ ಬಣ್ಣದ ಲೇಪನಕ್ಕೆ ಕಳುಹಿಸಿದೆ. ಟೆಂಪರಿಂಗ್ ತಾಪವನ್ನು ನಾನು ಬರೆದು ಕೊಡಲಿಲ್ಲ, ಲೇಪನದವರು ಕೇಳಲೂ ಇಲ್ಲ. ಮದುವಣಗಿತ್ತಿಯಂತೆ ಹೊಳೆಯುತ್ತಾ ವಾಪಸು ಬಂತು. ಅಳೆದು ನೋಡಿದರೆ ರಂಧ್ರದ ಅಳತೆ ಬದಲಾಗಿತ್ತು, ಉಕ್ಕಿನ ಗಡಸುತನ 61ರಿಂದ 57ಕ್ಕೆ ಇಳಿದಿತ್ತು. ಕಡಿಮೆ ತಾಪದಲ್ಲಿ ಹದವಾದ ಡಿ2 ಒಳಗೆ ಗಡಸಾಗುವಾಗ ಮಾರ್ಪಡದೆ ಉಳಿದ ಆಸ್ಟೆನೈಟ್ ಎಂಬ ಉಕ್ಕಿನ ರೂಪ ಇರುತ್ತದೆ. ಲೇಪನದ ಬಿಸಿಯಲ್ಲಿ ಅದು ಮಾರ್ಪಟ್ಟು ಉಕ್ಕು ಹಿಗ್ಗುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಯನ್ನು ಆ ದಿನ ಮೈಕ್ರೋಮೀಟರಿನಲ್ಲಿ ಓದಿದೆ. ಇನ್ಸರ್ಟ್ ಗುಜರಿಗೆ ಹೋಯಿತು.

ಆದ್ದರಿಂದ ಲೇಪನ ಮಾಡಿಸುವ ಯೋಚನೆ ಇದ್ದರೆ ಡೈ ಮಾಡುವ ಮೊದಲೇ ತೀರ್ಮಾನಿಸಿ, ಹೀಟ್ ಟ್ರೀಟ್‌ಮೆಂಟಿನವರಿಗೆ ಹೆಚ್ಚಿನ ತಾಪದಲ್ಲಿ ಟೆಂಪರಿಂಗ್ ಮಾಡಿ ಎಂದು ಬರೆದೇ ಕೊಡಿ. ಕಳೆದುಕೊಂಡ ಎರಡಂಕಿಯನ್ನು ಲೇಪನ ಹಲವು ಪಟ್ಟು ತುಂಬಿಕೊಡುತ್ತದೆ.

ಈ ಎರಡು ದೊಡ್ಡ ಪ್ರಶ್ನೆಗಳ ಜೊತೆ ಇನ್ನೂ ಮೂರು ಸಣ್ಣವಿವೆ. ಅಳತೆಯಲ್ಲಿ ಎಷ್ಟು ಸಡಿಲಿಕೆ ಇದೆ? 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು) ಲೇಪನ ಎಂದರೆ ವ್ಯಾಸದಲ್ಲಿ 6 ಮೈಕ್ರಾನ್. ಆಕಾರ ಹೇಗಿದೆ? ಆಳವಾದ ರಂಧ್ರದೊಳಗೆ ನಿರ್ವಾತ ಲೇಪನ ಚೆನ್ನಾಗಿ ಹೋಗುವುದಿಲ್ಲ, ವ್ಯಾಸದಷ್ಟೇ ಆಳದವರೆಗೆ ಭರವಸೆ ಇಟ್ಟುಕೊಳ್ಳಬಹುದು. ಮತ್ತೆ ಸಾಣೆ ಹಿಡಿಯುತ್ತೀರಾ? ಹಿಡಿದಾಗ ಎಷ್ಟು ಲೇಪನ ಹೋಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಒಂದೇ ಹೆಸರಿನ ಕೆಳಗೆ ಮೂರು ಕೆಲಸ

ಪ್ಲಾಸ್ಮಾ ಲೇಪನ ಎಂದಾಗ ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಿರುತ್ತಾರೆ. ಪ್ಲಾಸ್ಮಾ ನೈಟ್ರೈಡಿಂಗ್ ಉಪ್ಪಿನಕಾಯಿಯ ಹೋಳಿಗೆ ಉಪ್ಪು ಇಳಿದಂತೆ. ಮೇಲೆ ಬೇರೆ ಪದರ ಹಚ್ಚುವುದಿಲ್ಲ, ಸಾರಜನಕ ಉಕ್ಕಿನ ಒಳಕ್ಕೇ ಇಳಿಯುತ್ತದೆ. ನಿರ್ವಾತ ಲೇಪನ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದಂತೆ, ತೆಳ್ಳನೆಯ ಬೇರೆಯೇ ವಸ್ತು ಮೇಲೆ ಕೂರುತ್ತದೆ. ಪ್ಲಾಸ್ಮಾ ಸ್ಪ್ರೇ ಗೋಡೆಗೆ ಗಾರೆ ಎರಚಿದಂತೆ, ದಪ್ಪಗೆ ಬಡಿದು ಕೂರಿಸಿ ಆಮೇಲೆ ಸಮಮಾಡಬೇಕು. ಮೂರಕ್ಕೂ ಬೇರೆ ಬೇರೆ ಕಾಲ, ಬೇರೆ ಬೇರೆ ಟೂಲ್.

ಪ್ಲಾಸ್ಮಾ ನೈಟ್ರೈಡಿಂಗ್‌ನಲ್ಲಿ ಟೂಲನ್ನೇ ಋಣ ಧ್ರುವವಾಗಿ ಮಾಡಿ, ಗಾಳಿ ತೆಗೆದ ಕೋಣೆಯಲ್ಲಿ ಸಾರಜನಕ ಮತ್ತು ಜಲಜನಕದ ಮಿಶ್ರಣ ಬಿಟ್ಟು, ನೂರಾರು ವೋಲ್ಟ್ ಕೊಡುತ್ತಾರೆ. ಕಿಂಡಿಯಲ್ಲಿ ನೋಡಿದರೆ ಟೂಲಿನ ಮೈಸುತ್ತ ನೇರಳೆ ಬೆಳಕು ಹೊದಿಕೆಯಂತೆ ಕಾಣುತ್ತದೆ. ಹತ್ತು ಗಂಟೆಯಿಂದ ನಲವತ್ತು ಗಂಟೆಯವರೆಗೆ ಬಿಟ್ಟರೆ 0.1ರಿಂದ 0.5 ಮಿಲಿಮೀಟರ್ ಆಳದವರೆಗೆ ಗಡಸು ಪದರ ಬರುತ್ತದೆ. ಎಚ್13ನಲ್ಲಿ ಮೇಲ್ಮೈ, ಗಡಸುತನದ ಇನ್ನೊಂದು ಅಳತೆಯಾದ ವಿಕರ್ಸ್‌ನಲ್ಲಿ, 1000ದ ಆಸುಪಾಸು ಮುಟ್ಟುತ್ತದೆ. ನಿರ್ವಾತ ಲೇಪನಗಳ ಮುಂದೆ ಈ ಅಂಕಿ ಚಿಕ್ಕದು. ಆದರೆ ಇದರ ಬಲ ಇರುವುದು ಆಳದಲ್ಲಿ: ಗಡಸುತನ ಹೊರಗಿನಿಂದ ಒಳಕ್ಕೆ ಮೆಲ್ಲಗೆ ಇಳಿಯುವುದರಿಂದ ಕಿತ್ತುಬರುವ ಪದರವೇ ಇಲ್ಲ. ದೊಡ್ಡ ಡೈ, ಭಾರೀ ಒತ್ತಡ, ಕಡಿಮೆ ಬಜೆಟ್ ಇದ್ದವರಿಗೆ ನನ್ನ ಮೊದಲ ಸಲಹೆ ಇದೇ. ದರವನ್ನು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಹಾಕುತ್ತಾರೆ.

ಇದಕ್ಕೂ ಮಿತಿಗಳಿವೆ. ಚೂಪಾದ ಮೂಲೆಗೆ ಎರಡೂ ಕಡೆಯಿಂದ ಸಾರಜನಕ ನುಗ್ಗಿ ಮೂಲೆ ಪೆಡಸಾಗುತ್ತದೆ, ಆದ್ದರಿಂದ ತೆಳ್ಳನೆಯ ಕತ್ತರಿಸುವ ಅಂಚಿಗೆ ಆಳವಾದ ನೈಟ್ರೈಡಿಂಗ್ ಬೇಡ. ಕಿರಿದಾದ ಸಂದು, ಸಣ್ಣ ರಂಧ್ರಗಳಲ್ಲಿ ಎರಡು ಬದಿಯ ಬೆಳಕಿನ ಹೊದಿಕೆಗಳು ಕೂಡಿಕೊಂಡು ಅಲ್ಲಿ ಮಾತ್ರ ಅತಿಯಾಗಿ ಕಾಯುವ ಅಪಾಯವಿದೆ. ಅಂಥ ಜಾಗಗಳನ್ನು ಮೊದಲೇ ತೋರಿಸಿದರೆ ಮುಚ್ಚಿ ಮಾಡುತ್ತಾರೆ. ಮೇಲ್ಮೈಯಲ್ಲಿ ಮೂಡುವ ಬಿಳಿ ಪದರ (ನೈಟ್ರೈಡಿನ ತೆಳು ಪೆಡಸು ಪೊರೆ) ಎಷ್ಟಿರಬೇಕು ಎಂಬುದನ್ನೂ ಹೇಳಿ. ಅನಿಲಗಳ ಪ್ರಮಾಣ ಬದಲಿಸಿ ಅದನ್ನು ಹತೋಟಿಯಲ್ಲಿಡಬಹುದು ಎಂಬುದೇ ಪ್ಲಾಸ್ಮಾ ವಿಧಾನದ ದೊಡ್ಡ ಅನುಕೂಲ. ಬಿಸಿಯ ಹೊಡೆತ ತಿನ್ನುವ ಡೈಕಾಸ್ಟಿಂಗ್ ಡೈಗೆ ದಪ್ಪ ಬಿಳಿ ಪದರ ಬಂದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ತೆಳ್ಳನೆಯ ಲೇಪನಗಳ ಕುಟುಂಬ

ನಿರ್ವಾತದಲ್ಲಿ ಟೈಟಾನಿಯಂ ಅಥವಾ ಕ್ರೋಮಿಯಂ ಗಟ್ಟಿಯನ್ನು ವಿದ್ಯುತ್ ಕಿಡಿಯಿಂದ ಆವಿಮಾಡಿ, ಸಾರಜನಕದ ಜೊತೆ ಕೂಡಿಸಿ, ಋಣ ವೋಲ್ಟೇಜ್ ಕೊಟ್ಟ ಟೂಲಿನ ಮೈಗೆ ಬಡಿದು ಕೂರಿಸುವುದು ಈ ಕುಟುಂಬದ ಕ್ರಮ. ದಪ್ಪ 2ರಿಂದ 5 ಮೈಕ್ರಾನ್, ದಿನಪತ್ರಿಕೆಯ ಹಾಳೆಯ ಹತ್ತರಲ್ಲೊಂದು ಪಾಲಿಗಿಂತಲೂ ತೆಳು. ಇಷ್ಟು ತೆಳುವಾದುದು ಭಾರ ಹೊರುವುದಿಲ್ಲ. ಭಾರವನ್ನು ಕೆಳಗಿನ ಉಕ್ಕೇ ಹೊರಬೇಕು. ಮೆತ್ತನೆಯ ಉಕ್ಕಿನ ಮೇಲೆ ಗಡಸು ಲೇಪನ ಹಾಕುವುದು ಹಾಸಿಗೆಯ ಮೇಲೆ ಗಾಜು ಹಾಸಿ ಅದರ ಮೇಲೆ ನಿಂತಂತೆ. ಇಎನ್8 ಎಂಬ ಮೆತ್ತನೆಯ ಉಕ್ಕಿನ ಪಂಚ್‌ಗೆ ಈ ಲೇಪನ ಮಾಡಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಟೈಟಾನಿಯಂ ನೈಟ್ರೈಡ್ ಎಲ್ಲರಿಗೂ ಪರಿಚಿತವಾದ ಚಿನ್ನದ ಬಣ್ಣದ್ದು. ವಿಕರ್ಸ್ 2300ರ ಸುತ್ತಮುತ್ತ ಗಡಸು, ಗಾಳಿಯಲ್ಲಿ 500-600 ಡಿಗ್ರಿವರೆಗೆ ತಾಳುತ್ತದೆ. ಸಾಧಾರಣ ಶೀಟ್ ಕತ್ತರಿಸುವ ಪಂಚ್, ಟ್ಯಾಪ್, ಡ್ರಿಲ್‌ಗಳಿಗೆ ಇವತ್ತಿಗೂ ನಂಬಿಗಸ್ತ. ಅಗ್ಗವೂ ಹೌದು, ಹೆಚ್ಚು ಕಡೆ ಸಿಗುವುದೂ ಇದೇ. ಇನ್ನೊಂದು ಉಪಕಾರವೂ ಇದರಿಂದ ಇದೆ: ಸವೆದ ಕಡೆ ಬಣ್ಣ ಹೋಗಿ ಉಕ್ಕು ಬೆಳ್ಳಗೆ ಕಾಣುವುದರಿಂದ ಸಾಣೆಗೆ ಯಾವಾಗ ಇಳಿಸಬೇಕು ಎಂಬುದು ಕಣ್ಣಿಗೇ ತಿಳಿಯುತ್ತದೆ.

ಅದಕ್ಕೆ ಇಂಗಾಲ ಸೇರಿಸಿದ ಟೈಟಾನಿಯಂ ಕಾರ್ಬೊನೈಟ್ರೈಡ್ ನೀಲಿ ಬೂದು ಬಣ್ಣದ್ದು, ವಿಕರ್ಸ್ 3000ದ ಹತ್ತಿರ. ಚಿನ್ನದ ಬಣ್ಣದ್ದಕ್ಕಿಂತ ಜಾರುತ್ತದೆ. 400 ಡಿಗ್ರಿ ದಾಟಿದರೆ ತಾಳುವುದಿಲ್ಲವಾದರೂ ಪ್ರೆಸ್ ಕೆಲಸದಲ್ಲಿ ಅಷ್ಟು ಬಿಸಿ ಹುಟ್ಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಪಂಚಿಂಗ್, ಡ್ರಾಯಿಂಗ್ (ಶೀಟನ್ನು ಡೈಯೊಳಕ್ಕೆ ಎಳೆದು ಡಬ್ಬಿಯಂತೆ ರೂಪಿಸುವುದು) ಮಾಡುವವರು ಇದನ್ನು ಕೇಳಿ ನೋಡದೆ ಮುಂದೆ ಹೋಗಬಾರದು. ನಮ್ಮ ಕಡೆ ಇದರ ಹೆಸರು ಯಾಕೋ ಕಡಿಮೆ ಕೇಳಿಬರುತ್ತದೆ. ಚಿನ್ನದ ಬಣ್ಣದ ಮೋಹ ಅಷ್ಟು.

ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಕಡು ನೇರಳೆಗಪ್ಪು. ಇದರ ಗುಣ ಬಿಸಿಯಲ್ಲಿ ಬೆಳಗುತ್ತದೆ. ಕಾದಾಗ ಮೇಲ್ಮೈಯಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಪೊರೆ ಕಟ್ಟಿಕೊಂಡು 800 ಡಿಗ್ರಿಯವರೆಗೂ ಕಾಪಾಡುತ್ತದೆ. ಸಿಎನ್‌ಸಿಯಲ್ಲಿ ಗಟ್ಟಿ ಉಕ್ಕನ್ನು ವೇಗವಾಗಿ ಕಡಿಯುವವರಿಗೆ ಇದು ಬೇಕು. ತಣ್ಣಗಿನ ಪ್ರೆಸ್ ಡೈಗೆ ಇದರ ಹೆಚ್ಚುವರಿ ಬೆಲೆ ಕೊಡಲು ನನಗೆ ಕಾರಣ ಕಾಣುವುದಿಲ್ಲ. ಅಲ್ಯೂಮಿನಿಯಂ ಕಡಿಯುವ ಕಟರ್‌ಗಂತೂ ಬೇಡವೇ ಬೇಡ, ಕಡಿದ ಚೂರು ಅಂಟಿಕೊಳ್ಳುತ್ತದೆ.

ಕ್ರೋಮಿಯಂ ನೈಟ್ರೈಡ್ ಬೆಳ್ಳಿಬೂದು. ಗಡಸುತನ ವಿಕರ್ಸ್ 1800-2000, ಮೇಲಿನ ಟೈಟಾನಿಯಂ ಬಗೆಗಳಿಗಿಂತ ಕಡಿಮೆ. ಅದಕ್ಕೇ ಅನೇಕರು ಇದನ್ನು ಬದಿಗೆ ಸರಿಸುತ್ತಾರೆ. ಅದು ತಪ್ಪು. ಇದು ಜಿಗುಟು, ಬಾಗಿದರೆ ತಡೆದುಕೊಳ್ಳುತ್ತದೆ, ಬೇಕಾದರೆ ದಪ್ಪ ಹಾಕಬಹುದು, ತುಕ್ಕಿಗೆ ಜಗ್ಗುವುದಿಲ್ಲ, ತಾಮ್ರ ಇದಕ್ಕೆ ಅಂಟುವುದು ಕಡಿಮೆ. ಪ್ಲಾಸ್ಟಿಕ್ ಅಚ್ಚುಗಳಿಗೆ, ತಾಮ್ರ ಕೆಲಸದ ಪಂಚ್‌ಗಳಿಗೆ, ಅಲ್ಯೂಮಿನಿಯಂ ಡೈಕಾಸ್ಟಿಂಗ್‌ನ ಕೋರ್ ಪಿನ್‌ಗಳಿಗೆ ನಾನು ಮೊದಲು ಯೋಚಿಸುವುದು ಇದನ್ನೇ.

ಡಿಎಲ್‌ಸಿ ಎಂದರೆ ವಜ್ರದಂಥ ಇಂಗಾಲ. ಕಪ್ಪಗೆ ಮಿನುಗುತ್ತದೆ. ಘರ್ಷಣೆಯ ಅಂಕ 0.1ರ ಆಸುಪಾಸು. ಟೈಟಾನಿಯಂ ನೈಟ್ರೈಡ್ ಎಣ್ಣೆಯಿಲ್ಲದೆ ಉಕ್ಕಿನ ಮೇಲೆ ಜಾರುವಾಗ ಅದರ ಅಂಕ 0.4ಕ್ಕೂ ಮೇಲಿರುತ್ತದೆ ಎಂದರೆ ವ್ಯತ್ಯಾಸ ಊಹಿಸಿ. ಕಡಿಮೆ ತಾಪದಲ್ಲಿ ಹಾಕುವುದರಿಂದ, 200 ಡಿಗ್ರಿಗಿಂತ ಮೇಲೆ ಹದವಾದ ಡಿ2ಗೂ ಸರಿಯಾದ ಬಗೆ ಆರಿಸಿದರೆ ಒಗ್ಗುತ್ತದೆ. ಅಚ್ಚಿನ ಎಜೆಕ್ಟರ್ ಪಿನ್, ಜಾರುವ ಸ್ಲೈಡ್, ಅಲ್ಯೂಮಿನಿಯಂ ಶೀಟಿನ ಡೈ, ಎಣ್ಣೆ ಹಾಕಬಾರದಂಥ ಜಾಗಗಳಿಗೆ ಇದಕ್ಕೆ ಸಾಟಿಯಿಲ್ಲ. ಆದರೆ 300-350 ಡಿಗ್ರಿ ಮೀರಿದರೆ ಕೆಡುತ್ತದೆ. ಒಳ ಒತ್ತಡ ಹೆಚ್ಚಿರುವುದರಿಂದ, ಕೆಳಗಿನ ಉಕ್ಕು ಮೆತ್ತಗಿದ್ದರೆ ಅಥವಾ ಬಡಿತ ಜೋರಿದ್ದರೆ ಸಿಪ್ಪೆಯಂತೆ ಎದ್ದುಬಿಡುತ್ತದೆ. ಬೆಲೆಯಲ್ಲೂ ಸಾಮಾನ್ಯವಾಗಿ ಇದೇ ಮುಂದೆ.

ಎರಡನ್ನೂ ಸೇರಿಸಿದರೆ? ಮೊದಲು ಪ್ಲಾಸ್ಮಾ ನೈಟ್ರೈಡಿಂಗ್ ಮಾಡಿ, ಬಿಳಿ ಪದರ ಬಾರದಂತೆ ನೋಡಿಕೊಂಡು ಅಥವಾ ಬಂದುದನ್ನು ಪಾಲಿಶ್‌ನಲ್ಲಿ ತೆಗೆದು, ಅದರ ಮೇಲೆ ಕ್ರೋಮಿಯಂ ನೈಟ್ರೈಡ್ ಹಾಕಬಹುದು. ಕೆಳಗೆ ಗಟ್ಟಿ ತಳಪಾಯ, ಮೇಲೆ ಅಂಟದ ಹೊದಿಕೆ. ಎಚ್13ರ ಡೈಕಾಸ್ಟಿಂಗ್ ಡೈ ಸಾಮಾನ್ಯವಾಗಿ ರಾಕ್‌ವೆಲ್ 44-48ರಲ್ಲೇ ಇರುವುದರಿಂದ ಈ ಜೋಡಿ ಅಲ್ಲಿ ನಿಜಕ್ಕೂ ಫಲ ಕೊಡುತ್ತದೆ. ಎರಡು ಖರ್ಚು, ಎರಡು ಸಲ ಕಾಯುವಿಕೆ. ವರ್ಷಗಟ್ಟಲೆ ಓಡುವ ಡೈ ಅಲ್ಲದಿದ್ದರೆ ಬೇಡ.

ಮಂಡ್ಯದವರ ಸಕ್ಕರೆ ಕೆಲಸಕ್ಕೆ ಒಂದು ಮಾತು

ಆಲೆಮನೆಯ ಗಾಣದ ರೋಲರ್‌ಗೆ, ಕಬ್ಬು ಜಜ್ಜುವ ಹ್ಯಾಮರ್‌ಗೆ ಇಂಥ ಲೇಪನ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಮಣ್ಣು ಮರಳು ಬೆರೆತ ಕಬ್ಬಿನ ಮುಂದೆ 3 ಮೈಕ್ರಾನ್ ಒಂದು ಹಗಲು ಉಳಿಯುವುದಿಲ್ಲ. ಅಲ್ಲಿ ಬೇಕಾದುದು ಮಿಲಿಮೀಟರ್ ಲೆಕ್ಕದ ಗಡಸು ವೆಲ್ಡಿಂಗ್. ಅಚ್ಚುಕಟ್ಟಾಗಿ ಬೇಕೆಂದರೆ ಲೋಹದ ಪುಡಿಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ತಳದೊಂದಿಗೆ ಬೆಸೆಯುವ ಪಿಟಿಎ ವಿಧಾನವೂ ಇದೆ. ಪ್ಲಾಸ್ಮಾ ಸ್ಪ್ರೇ ಬೇರೆ. ಅದು 0.1ರಿಂದ 0.5 ಮಿಲಿಮೀಟರ್ ದಪ್ಪಕ್ಕೆ ಸೆರಾಮಿಕ್ ಅಥವಾ ಲೋಹ ಎರಚುತ್ತದೆ. ಅದು ಕರಗಿ ಬೆಸೆದುಕೊಳ್ಳುವುದಿಲ್ಲ, ಒರಟು ಮಾಡಿದ ಮೈಗೆ ಕಚ್ಚಿಕೊಳ್ಳುತ್ತದೆ, ಅಷ್ಟೆ. ಪಂಪಿನ ಶಾಫ್ಟ್, ಸೀಲ್ ಕೂರುವ ತೋಳು, ಸವೆದ ರೋಲರ್‌ಗಳ ಅಳತೆ ಮರಳಿ ತರಲು ಒಳ್ಳೆಯದು. ಬಡಿತ ಬೀಳುವ ಪಂಚ್ ಅಂಚಿಗೆ ಹಾಕಿದರೆ ಉದುರುತ್ತದೆ.

ಹಾರ್ಡ್ ಕ್ರೋಮ್ (ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಕ್ರೋಮಿಯಂ ಕೂರಿಸುವ ವಿಧಾನ) ಬಿಟ್ಟುಬಿಡಬೇಕೆ ಎಂದರೆ, ಇಲ್ಲ. ಸುಮಾರು 55 ಡಿಗ್ರಿಯ ತೊಟ್ಟಿಯಲ್ಲಿ ಆಗುವುದರಿಂದ ಆ ಬಿಸಿ ಯಾವ ಉಕ್ಕಿನ ಹದವನ್ನೂ ಕೆಡಿಸುವುದಿಲ್ಲ, ವಿಕರ್ಸ್ 900-1000 ಸಿಗುತ್ತದೆ, ದಪ್ಪ ಹಾಕಿ ಅಳತೆ ತುಂಬಿಕೊಳ್ಳಬಹುದು. ಗಟ್ಟಿ ಉಕ್ಕಿನೊಳಗೆ ಜಲಜನಕ ಸೇರಿ ಬಿರುಕು ಬಿಡದಂತೆ, ಕ್ರೋಮ್ ಆದ ಕೆಲವೇ ಗಂಟೆಗಳಲ್ಲಿ 190-200 ಡಿಗ್ರಿಯಲ್ಲಿ, ಆದರೆ ಟೆಂಪರಿಂಗ್ ತಾಪ ಮೀರದಂತೆ, ಕಾಯಿಸಬೇಕು. ಅದನ್ನು ಮಾಡಿದ್ದಾರೆಯೇ ಎಂದು ಕೇಳಿ. ಆ ತೊಟ್ಟಿಯ ಕ್ರೋಮಿಯಂ ವಿಷಕಾರಿ. ತ್ಯಾಜ್ಯವನ್ನು ಸರಿಯಾಗಿ ನೋಡಿಕೊಳ್ಳದವರ ಬಳಿ ಅಗ್ಗ ಎಂದು ಹೋಗಬಾರದು ಎಂಬುದು ನನ್ನ ನಿಲುವು. ಕಾವೇರಿಯ ನೀರನ್ನೇ ಕುಡಿಯುವವರು ನಾವು.

ಬಜೆಟ್ಟಿನ ಲೆಕ್ಕ

ಲೇಪನದ ಬೆಲೆಯನ್ನು ಪಂಚ್‌ನ ಬೆಲೆಯೊಂದಿಗೆ ಹೋಲಿಸುವುದು ಸಾಮಾನ್ಯ ತಪ್ಪು. ಹೋಲಿಸಬೇಕಾದುದು ಪ್ರೆಸ್ ನಿಲ್ಲುವ ಗಂಟೆಗಳೊಂದಿಗೆ. ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳಿ: ಲೇಪನವಿಲ್ಲದ ಪಂಚ್ 40,000 ಸ್ಟ್ರೋಕಿಗೊಮ್ಮೆ ಸಾಣೆ ಕೇಳುತ್ತದೆ, ಲೇಪನವಿದ್ದರೆ 1,20,000ಕ್ಕೊಮ್ಮೆ. ಆರು ಲಕ್ಷ ಪೀಸಿನ ಆರ್ಡರ್‌ಗೆ ಹದಿನೈದು ಸಾಣೆಯ ಬದಲು ಐದು. ಡೈ ಇಳಿಸಿ, ಸಾಣೆ ಹಿಡಿದು, ಮತ್ತೆ ಸೆಟ್ ಮಾಡಲು ಮೂರು ಗಂಟೆ ಎಂದರೆ ಮೂವತ್ತು ಗಂಟೆ ಪ್ರೆಸ್ ಉಳಿಯಿತು. ನಿಮ್ಮ ಪ್ರೆಸ್ಸಿನ ಗಂಟೆಯ ಬೆಲೆಯನ್ನು ಮೂವತ್ತರಿಂದ ಗುಣಿಸಿ, ಕೊಟೇಶನ್ ಪಕ್ಕದಲ್ಲಿಡಿ. ಅದೇ ಆರ್ಡರ್ 20,000 ಪೀಸಿನದಾದರೆ ಒಂದು ಸಾಣೆಯೂ ಬೇಕಿಲ್ಲ. ಅಲ್ಲಿ ಲೇಪನ ಮೂಗಿಗಿಂತ ಮೂಗುತಿ ಭಾರವಾದಂತೆ.

ಸಾಣೆ ಹಿಡಿದರೆ ಲೇಪನ ಹೋಗುವುದಿಲ್ಲವೇ? ಪಂಚ್‌ನ ಮುಖದ ಮೇಲಿನದು ಹೋಗುತ್ತದೆ, ಪಕ್ಕದ ಮೈಮೇಲಿನದು ಉಳಿಯುತ್ತದೆ. ಶೀಟಿನೊಳಕ್ಕೆ ಹೋಗಿ ಬರುವಾಗ ಉಜ್ಜುವುದು ಪಕ್ಕದ ಮೈಯೇ ಆದ್ದರಿಂದ ಲಾಭದ ಬಹುಪಾಲು ಮುಂದುವರಿಯುತ್ತದೆ. ಡ್ರಾಯಿಂಗ್ ಡೈಗೆ ಈ ಅನುಕೂಲವಿಲ್ಲ, ಅಲ್ಲಿ ಲೇಪನ ಹಳೆಯದಾದರೆ ರಾಸಾಯನಿಕದಲ್ಲಿ ಕಳಚಿ ಮತ್ತೆ ಹಾಕಿಸಬೇಕು.

ಹಣ ತೀರಾ ಕಡಿಮೆ ಇದ್ದರೆ ಡೈ ಪೂರ್ತಿ ಬೇಡ, ಸವೆಯುವ ಇನ್ಸರ್ಟ್ ಮಾತ್ರ ಬೇರೆ ಮಾಡಿ ಅದಕ್ಕೆ ಲೇಪನ ಹಾಕಿಸಿ. ನಿರ್ವಾತ ಕೋಣೆಯ ಒಂದು ಸುತ್ತಿಗೆ ಕನಿಷ್ಠ ದರ ಇಡುವವರೇ ಹೆಚ್ಚು. ಹಾಗಾಗಿ ಅಕ್ಕಪಕ್ಕದ ಎರಡು ಮೂರು ಘಟಕದವರು ಒಂದೇ ಬಗೆಯ ಲೇಪನಕ್ಕೆ ಸಾಮಾನು ಸೇರಿಸಿ ಬೆಂಗಳೂರಿಗೆ ಕಳುಹಿಸಿದರೆ ಎಲ್ಲರಿಗೂ ಅಗ್ಗವಾಗುತ್ತದೆ.

ಕಳುಹಿಸುವ ಮುನ್ನ, ಬಂದ ಮೇಲೆ

ಲೇಪನ ಗೀರನ್ನು ಮುಚ್ಚುವುದಿಲ್ಲ, ಇದ್ದ ಗೀರನ್ನು ಗಡಸು ಮಾಡಿ ಕೂರಿಸುತ್ತದೆ. ಶೀಟ್ ಹರಿಯುವ ದಿಕ್ಕಿನಲ್ಲೇ ಕನ್ನಡಿಯಂತೆ ಪಾಲಿಶ್ ಮಾಡಿ ಕಳುಹಿಸಿ. ವೈರ್‌ಕಟ್ ಅಥವಾ ಸ್ಪಾರ್ಕ್ ಎರೋಷನ್ ಆದ, ಅಂದರೆ ವಿದ್ಯುತ್ ಕಿಡಿಯಿಂದ ಕೊರೆದ ಮೈಯಲ್ಲಿ ಕರಗಿ ಹೆಪ್ಪುಗಟ್ಟಿದ ಪೆಡಸು ಪದರ ಇರುತ್ತದೆ, ಅದನ್ನು ಪೂರ್ತಿ ತೆಗೆಯಿರಿ. ಅಂಚಿನ ಬರ್ ತೆಗೆದು, ಗ್ರೈಂಡಿಂಗ್ ಆದ ಮೇಲೆ ಅಯಸ್ಕಾಂತ ಗುಣ ಇಳಿಸಿ. ವೆಲ್ಡಿಂಗ್‌ನಿಂದ ದುರಸ್ತಿ ಮಾಡಿದ್ದರೆ, ಬ್ರೇಜಿಂಗ್ (ಬೇರೆ ಲೋಹ ಕರಗಿಸಿ ಬೆಸೆದದ್ದು) ಇದ್ದರೆ ಮುಚ್ಚಿಡಬೇಡಿ. ಸತು ಅಥವಾ ಕ್ಯಾಡ್ಮಿಯಂ ಇರುವ ಬ್ರೇಜಿಂಗ್ ನಿರ್ವಾತದಲ್ಲಿ ಆವಿಯಾಗಿ ಕೋಣೆಯಲ್ಲಿರುವ ಎಲ್ಲರ ಸಾಮಾನನ್ನೂ ಕೆಡಿಸುತ್ತದೆ. ಚಲನ್ ಮೇಲೆ ಉಕ್ಕಿನ ಹೆಸರು, ಗಡಸುತನ, ಟೆಂಪರಿಂಗ್ ತಾಪ, ಲೇಪನ ಬೇಕಾದ ಮೈ ಯಾವುದು ಎಂಬ ನಾಲ್ಕನ್ನೂ ಬರೆಯಿರಿ.

ವಾಪಸು ಬಂದಾಗ ಅರ ಹಾಕಿ ಉಜ್ಜಿ ನೋಡಬೇಡಿ. ಮಾಮೂಲಿ ರಾಕ್‌ವೆಲ್ ಯಂತ್ರ ಲೇಪನದ ಗಡಸುತನ ಹೇಳುವುದಿಲ್ಲ, ಅದರ ಮೊನೆ ಲೇಪನವನ್ನು ದಾಟಿ ಉಕ್ಕಿಗೇ ಇಳಿಯುತ್ತದೆ. ಆದರೆ ಅದೇ ಯಂತ್ರ ಹಿಡಿತವನ್ನು ತೋರಿಸುತ್ತದೆ. ನಿಮ್ಮದೇ ಉಕ್ಕಿನ, ಅದೇ ಹದದ ಒಂದು ತುಂಡನ್ನು ಜೊತೆಗೆ ಲೇಪನಕ್ಕೆ ಹಾಕಿಸಿ, ಅದರ ಮೇಲೆ 150 ಕಿಲೋ ಭಾರದ ಗುರುತು ಒತ್ತಿ, ನೂರು ಪಟ್ಟು ಹಿಗ್ಗಿಸಿ ನೋಡಿ. ಗುರುತಿನ ಸುತ್ತ ಸಣ್ಣ ಬಿರುಕುಗಳಿದ್ದರೆ ಚಿಂತೆಯಿಲ್ಲ, ಸುತ್ತಲೂ ಪದರ ಎದ್ದು ಉಕ್ಕು ಕಂಡರೆ ಸಾಮಾನು ಹಿಂದಿರುಗಿಸಿ. ಜರ್ಮನಿಯ ವಿಡಿಐ 3198 ಎಂಬ ಮಾರ್ಗಸೂಚಿ ಇದನ್ನು ಎಚ್‌ಎಫ್1ರಿಂದ ಎಚ್‌ಎಫ್6ರವರೆಗೆ ಆರು ದರ್ಜೆಯಾಗಿ ವಿಂಗಡಿಸಿದೆ. ಎಚ್‌ಎಫ್1 ಅಥವಾ 2 ಬೇಕು ಎಂದು ಆರ್ಡರ್‌ನಲ್ಲೇ ಬರೆದರೆ ಲೇಪನ ಮಾಡುವವರೂ ನಿಮ್ಮ ಕೆಲಸವನ್ನು ಗಮನವಿಟ್ಟು ಮಾಡುತ್ತಾರೆ.

ತೂಬಿನಕೆರೆಯವರ ಡೈ ವಿಷಯಕ್ಕೆ ಬರುತ್ತೇನೆ. ಅವರು ಅಲ್ಲಿಂದಲೇ ಹೀಟ್ ಟ್ರೀಟ್‌ಮೆಂಟಿನವರಿಗೆ ಫೋನ್ ಮಾಡಿದರು. ಡಿ2, 180 ಡಿಗ್ರಿ. ಅಲ್ಲಿಗೆ ನೈಟ್ರೈಡಿಂಗ್ ಮತ್ತು ಚಿನ್ನದ ಬಣ್ಣ ಎರಡೂ ಬಿದ್ದುಹೋದವು. ಡಿಎಲ್‌ಸಿ ಕೊಟೇಶನ್ ಕೊಟ್ಟವರ ಕೋಣೆ 220 ಡಿಗ್ರಿಯಲ್ಲಿ ಓಡುತ್ತದೆ ಎಂದು ತಿಳಿದು ಅದೂ ಬೇಡವಾಯಿತು. ಸದ್ಯದ ಡೈಯನ್ನು ಬಿಚ್ಚಿ, ಅಂಟಿದ ಲೋಹ ತೆಗೆದು, ಹರಿವಿನ ದಿಕ್ಕಿನಲ್ಲಿ ಪಾಲಿಶ್ ಮಾಡಿ, ಡ್ರಾಯಿಂಗ್ ಎಣ್ಣೆ ಬದಲಿಸಿ ಈ ಆರ್ಡರ್ ಮುಗಿಸಿ ಎಂದೆ. ಮುಂದಿನ ಆರ್ಡರ್ ದೊಡ್ಡದಿರುವುದರಿಂದ ಡ್ರಾಯಿಂಗ್ ರಿಂಗ್ ಮತ್ತು ಪಂಚ್ ಎರಡನ್ನೂ ಹೊಸದಾಗಿ ಮಾಡಿಸಿ ಟೈಟಾನಿಯಂ ಕಾರ್ಬೊನೈಟ್ರೈಡ್ ಹಾಕಿಸುವುದೆಂದು ತೀರ್ಮಾನವಾಯಿತು. ಹೊರಡುವ ಮುನ್ನ ನನ್ನ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಹೊಸ ರಿಂಗಿನ ನಕ್ಷೆಯ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡರು: ಟೆಂಪರಿಂಗ್ 520 ಡಿಗ್ರಿ, ಮೂರು ಸಲ.